ಬಾಟ್ ಮೊದಲೇ ಅರ್ಜಿ ಹಾಕಿದರೆ ರಿಕ್ರೂಟರ್ ಏನೂ ಮಾಡಲಾರರು

ಪ್ರಶ್ನೆ: ನಾಲ್ಕು ವರ್ಷದಿಂದ ಲಾ ಫರ್ಮ್‌ವೊಂದರಲ್ಲಿ ಒಪ್ಪಂದಗಳ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಕೆಲಸ ಬದಲಿಸಬೇಕೆಂದಿದ್ದೇನೆ. ನೂರಾರು ಕಡೆ ತಾನೇ ಅರ್ಜಿ ಹಾಕುವ ಬಾಟ್ ಇದೆ. ಒಬ್ಬ ರಿಕ್ರೂಟರ್ ಕೂಡ ಫೋನ್ ಮಾಡಿದ್ದರು. ಎರಡನ್ನೂ ಒಟ್ಟಿಗೆ ಬಳಸಬಹುದೇ?

ಉತ್ತರ: ಒಂದೇ ಫರ್ಮ್‌ಗೆ ಎರಡೂ ದಾರಿಯಲ್ಲಿ ಹೋಗಬೇಡಿ. ರಿಕ್ರೂಟರ್‌ಗೆ ಹಣ ಕೊಡುವುದು ನೀವಲ್ಲ, ನಿಮ್ಮನ್ನು ತೆಗೆದುಕೊಳ್ಳುವ ಫರ್ಮ್. ಸಾಮಾನ್ಯವಾಗಿ ಅದು ನಿಮ್ಮ ಮೊದಲ ವರ್ಷದ ಸಂಬಳದ ಇಷ್ಟು ಭಾಗ ಎಂದಿರುತ್ತದೆ. ಬಾಟ್ ಅಲ್ಲಿಗೆ ಆಗಲೇ ಅರ್ಜಿ ಕಳಿಸಿದ್ದರೆ ಫರ್ಮ್‌ನ ದಾಖಲೆಯಲ್ಲಿ ನೀವು ನೇರವಾಗಿ ಬಂದವರು. ರಿಕ್ರೂಟರ್‌ಗೆ ಶುಲ್ಕ ಹುಟ್ಟುವುದಿಲ್ಲ, ಅವರು ನಿಮ್ಮ ಪರ ಆ ಫರ್ಮ್‌ನ ಪಾಲುದಾರರ ಜೊತೆ ಮಾತಾಡುವುದೂ ಇಲ್ಲ. ಇಬ್ಬರು ರಿಕ್ರೂಟರ್‌ಗಳು ಒಂದೇ ಕಡೆ ಕಳಿಸಿದರೂ ತೊಂದರೆಯೇ: ಶುಲ್ಕದ ತಕರಾರು ಬೇಡವೆಂದು ಫರ್ಮ್ ನಿಮ್ಮನ್ನೇ ಕೈಬಿಡಬಹುದು.

ನಮಗೆ ಇದಕ್ಕಿಂತ ಹೆಚ್ಚು ಆತಂಕವಿರುವುದು ಅರ್ಜಿಯೊಳಗಿನ ಪ್ರಶ್ನೆಗಳ ಬಗ್ಗೆ. ‘ಇಲ್ಲಿ ವಕೀಲಿಕೆ ಮಾಡಲು ನೋಂದಣಿ ಇದೆಯೇ?’ ಎಂದು ಕೇಳಿದಾಗ ಬಾಟ್ ಊಹೆಯ ಮೇಲೆ ‘ಹೌದು’ ಒತ್ತಿಬಿಡಬಹುದು. ಕೆಳಗಿರುವುದು ನಿಮ್ಮ ಹೆಸರು. ವಕೀಲರಾದವರು ಹೀಗೆ ಸುಳ್ಳು ಮಾಹಿತಿ ಕೊಟ್ಟರೆ ಅದು ವೃತ್ತಿ ನಡತೆಯ ಪ್ರಶ್ನೆಯಾಗುತ್ತದೆ. ಜೊತೆಗೆ, ಅರ್ಜಿ ಹಾಕಬಾರದ ಕಡೆಗಳ ತಡೆಪಟ್ಟಿಗೆ ಅವುಗಳ ಹೆಸರು ಸೇರಿಸದಿದ್ದರೆ ಬಾಟ್ ನಿಮ್ಮ ಈಗಿನ ಫರ್ಮ್‌ಗೋ ಅದರ ಕಕ್ಷಿದಾರ ಕಂಪನಿಗೋ ಅರ್ಜಿ ಕಳಿಸೀತು.

ಹಾಗಾಗಿ ಹೊಸ ಹುದ್ದೆ ಬಂದಾಗ ತಿಳಿಸುವ ಕೆಲಸವನ್ನಷ್ಟೇ ಬಾಟ್‌ಗೆ ಬಿಡಿ, ‘ಸಲ್ಲಿಸು’ ಗುಂಡಿ ನೀವೇ ಒತ್ತಿ. ರಿಕ್ರೂಟರ್‌ಗೆ ‘ಪ್ರತಿ ಫರ್ಮ್‌ನ ಹೆಸರು ಹೇಳಿ, ನನ್ನ ಒಪ್ಪಿಗೆ ಪಡೆದೇ ರೆಸ್ಯೂಮೆ ಕಳಿಸಿ’ ಎಂದು ಇಮೇಲ್‌ನಲ್ಲೇ ಬರೆಯಿರಿ. ಫರ್ಮ್, ಹುದ್ದೆ, ದಿನಾಂಕ, ಕಳಿಸಿದವರು ಯಾರು ಎಂಬ ನಾಲ್ಕು ಕಾಲಂನ ಒಂದು ಶೀಟ್ ಇಡಿ. ಹೆಸರು ಹೇಳಲೊಪ್ಪದ ರಿಕ್ರೂಟರ್ ಬೇಡ.

ನೇರ ಅರ್ಜಿಯನ್ನು ಮೊದಲು ಓದುವುದು ಬಹಳ ಕಡೆ ಸಾಫ್ಟ್‌ವೇರ್. ನಿಮ್ಮ ರೆಸ್ಯೂಮೆಯ ಪಿಡಿಎಫ್‌ನಲ್ಲಿರುವುದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ. ಎರಡು ಕಾಲಂಗಳ ಸಾಲುಗಳು ಬೆರೆತಿದ್ದರೆ ಯಂತ್ರವೂ ಹಾಗೇ ಓದುವ ಸಾಧ್ಯತೆ ಹೆಚ್ಚು. ಒಂದೇ ಕಾಲಂಗೆ ಬದಲಿಸಿ. ಏನೂ ಬರದಿದ್ದರೆ ಅದು ಬಹುಶಃ ಸ್ಕ್ಯಾನ್ ಚಿತ್ರ, ಯಂತ್ರಕ್ಕೂ ಅದರೊಳಗಿನ ಅಕ್ಷರ ಸಿಗದಿರಬಹುದು. ಫೋನ್ ನಂಬರ್ ಪುಟದ ಮೇಲಂಚಿನ ಹೆಡರ್‌ನಲ್ಲಿದ್ದರೆ ಕೆಳಗಿಳಿಸಿ, ಕೆಲವು ಸಾಫ್ಟ್‌ವೇರ್‌ಗಳು ಹೆಡರ್ ಬಿಟ್ಟು ಓದುತ್ತವೆ. ‘ಒಪ್ಪಂದಗಳ ಅನುಭವ’ ಎಂದಷ್ಟೇ ಬರೆದರೆ ಸಾಕಾಗದು. ಸಾಲದ ಒಪ್ಪಂದವೋ, ಷೇರು ಖರೀದಿಯೋ, ಲೈಸೆನ್ಸೋ, ಕರಡು ಬರೆದವರು ನೀವೋ ಪರಿಶೀಲಿಸಿದವರೋ, ಅದನ್ನು ಬರೆಯಿರಿ. ಗೋಪ್ಯ ವ್ಯವಹಾರಗಳ ಕಕ್ಷಿದಾರರ ಹೆಸರು ಮಾತ್ರ ಎಲ್ಲೂ ಬೇಡ.