ಸಮುದ್ರದ ಮೀನನ್ನು ಚೆನ್ನಾಗಿ ಹುರಿದರೆ ಅದರಲ್ಲಿರುವ ಪಾದರಸ ಹೋಗುತ್ತಾ?

ಕಲಬುರಗಿಯಲ್ಲಿದ್ದೀರಿ, ಮನೆಯವರಿಗೆ ನಾಲ್ಕನೇ ತಿಂಗಳು, ಸುರಮೈ (ಅಂಜಲ್ ಮೀನು) ತಿನ್ನುವ ಬಯಕೆ. ಕೆಂಪಗೆ ಹುರಿದು ಕೊಟ್ಟರೆ ಪಾದರಸ ಹೋಗುತ್ತಾ ಅಂತ ಕೇಳಿದ್ದೀರಿ. ಹೋಗಲ್ಲ.

ನಾನೂ ಇದೇ ಊರಿನವನು. ಎರಡು ವರ್ಷದ ಹಿಂದೆ ತಂಗಿ ಬಸುರಿಯಾಗಿ ತವರಿಗೆ ಬಂದಾಗ ನಮ್ಮ ಅಡುಗೆಮನೆಯಲ್ಲೂ ಇದೇ ಜಗಳ. ಅವ್ವ ಮೀನಿಗೆ ಉಪ್ಪು, ಅರಿಶಿನ, ಹುಣಸೆರಸ ಹಚ್ಚಿ ತಿಕ್ಕಿ ಮೂರು ನೀರಲ್ಲಿ ತೊಳೆದಳು. "ಇಷ್ಟ್ ತೊಳದ ಮ್ಯಾಲ ಯಾವ ಪಾದರಸ ಉಳಿತದ?" ಅಂದಳು. ವಾಸನೆ ಹೋಗಿತ್ತು, ನಿಜ. ಆದರೆ ಪಾದರಸ ಮೈಮೇಲೆ ಕೂತ ಕೊಳೆ ಅಲ್ಲ. ಥರ್ಮಾಮೀಟರ್ ಒಡೆದಾಗ ಉರುಳಾಡುತ್ತಲ್ಲ, ಆ ಬೆಳ್ಳಿ ಗುಂಡಿನ ಥರವೂ ಇರಲ್ಲ. ಇಂಗಾಲದ ಜೊತೆ ಸೇರಿದ ಪಾದರಸ, ಅಂದರೆ ಮೀಥೈಲ್ ಪಾದರಸವಾಗಿ ಮಾಂಸದ ಪ್ರೋಟೀನ್‌ಗೇ ಅಂಟಿರುತ್ತೆ. ಚರ್ಮ ಸುಲಿದರೂ ಅಲ್ಲೇ, ಕೊಬ್ಬು ತೆಗೆದರೂ ಅಲ್ಲೇ. ಹುರಿದಾಗ ನೀರು ಆರಿ ತುಂಡಿನ ತೂಕ ಇಳಿಯುತ್ತೆ, ಪಾದರಸ ಇದ್ದಷ್ಟೇ ಇರುತ್ತೆ. ಗ್ರಾಮಿನ ಲೆಕ್ಕ ಹಿಡಿದರೆ ಹುರಿದದ್ದರಲ್ಲೇ ಒಂಚೂರು ಜಾಸ್ತಿ!

ಕಲ್ಲಿದ್ದಲು ಸುಟ್ಟ ಹೊಗೆಯಿಂದ, ಪಾದರಸ ಹಾಕಿ ಚಿನ್ನ ತೆಗೆಯುವ ಸಣ್ಣ ಗಣಿಗಳಿಂದ ಅದು ಗಾಳಿಗೆ ಸೇರಿ ಸಮುದ್ರಕ್ಕೆ ಬೀಳುತ್ತೆ. ಆಮ್ಲಜನಕ ಕಮ್ಮಿ ಇರುವ ನೀರಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸ ಮಾಡುತ್ತವೆ. ಅಲ್ಲಿಂದ ಪಾಚಿಗೆ, ಪಾಚಿಯಿಂದ ಸಣ್ಣ ಹುಳಕ್ಕೆ, ಹುಳದಿಂದ ಬೂತಾಯಿಗೆ, ಬೂತಾಯಿಯಿಂದ ಸುರಮೈಗೆ. ಕಿರಾಣಿ ಅಂಗಡಿಯ ಉದ್ರಿ ಇದ್ದ ಹಾಗೆ. ಸಣ್ಣವರ ಬಾಕಿ ಎಲ್ಲ ಅವರನ್ನು ನುಂಗಿದವನ ಖಾತೆಗೆ, ತೀರುವುದು ಮಾತ್ರ ಬಲು ನಿಧಾನ. ಹೀಗಾಗಿ ದೊಡ್ಡ ಬೇಟೆಗಾರ ಮೀನಿನಲ್ಲಿ ನೀರಿಗಿಂತ ಹತ್ತು ಲಕ್ಷ ಪಟ್ಟು ಇರುವುದೂ ಉಂಟು.

ಅಮೆರಿಕದಲ್ಲಿ ಆಹಾರ, ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಅಳತೆಯಲ್ಲಿ ಸಾರ್ಡೀನ್, ಅಂದರೆ ಬೂತಾಯಿಯ ಬಳಗ, ಕಿಲೋಗೆ ಸರಾಸರಿ 0.013 ಮಿಲಿಗ್ರಾಂ. ಶಾರ್ಕ್ 0.98. ಅಲ್ಲಿನ ಕಿಂಗ್ ಮ್ಯಾಕರೆಲ್ 0.73. ಈ ಕಿಂಗ್ ಮ್ಯಾಕರೆಲ್ ನಮ್ಮ ಸುರಮೈಯೇ ಅಲ್ಲ, ಆದರೆ ಅದರ ದಾಯಾದಿ. ಗರ್ಭಿಣಿಯರು ಮುಟ್ಟಬಾರದು ಅನ್ನೋ ಪಟ್ಟಿಯಲ್ಲಿ ಅದಿದೆ. ನಾನಾದರೆ ಹೆರಿಗೆವರೆಗೆ ದೊಡ್ಡ ಸುರಮೈ ಬಿಡಿಸುತ್ತೇನೆ. ಅಂಗಡಿಯವನು ಐಸಿನಿಂದ ಅಂಗೈಗಿಂತ ಅಗಲದ ತುಂಡು ಎತ್ತಿ ತೋರಿಸುತ್ತಾನಲ್ಲ, ಅಷ್ಟು ಬೆಳೆಯೋಕೆ ಆ ಮೀನು ಎಷ್ಟು ವರ್ಷ, ಎಷ್ಟು ಸಣ್ಣ ಮೀನು ತಿಂದಿರಬೇಕು ಅಂತ ಲೆಕ್ಕ ಹಾಕಿ.

ಇದು ಸುಮ್ನೆ ಹೆದರಿಸೋ ಮಾತಲ್ಲ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಮೀಥೈಲ್ ಪಾದರಸದ ರೋಗ 1956ರಲ್ಲಿ ಬಯಲಾಯಿತು. ಮೀನು ತಿಂದ ಬೆಕ್ಕುಗಳು ಸೆಟೆದು ಕುಣಿದು ಸತ್ತವು. ತಾಯಂದಿರು ಮೇಲ್ನೋಟಕ್ಕೆ ಗಟ್ಟಿಯಾಗೇ ಇದ್ದರೂ ಹುಟ್ಟಿದ ಕೂಸುಗಳ ಮೆದುಳಿಗೆ ಪೆಟ್ಟು ಬಿದ್ದಿತ್ತು. ಅಲ್ಲಿನ ಪ್ರಮಾಣಕ್ಕೂ ನಮ್ಮ ತಟ್ಟೆಯದಕ್ಕೂ ಹೋಲಿಕೆಯೇ ಇಲ್ಲ, ಆದರೆ ಕೂಸಿಗೆ ತಲುಪುವ ದಾರಿ ಅದೇ.

ಹಾಗಂತ ಮೀನೇ ಬಿಡಿಸಬೇಡಿ. ಕೂಸಿನ ಮೆದುಳಿಗೆ ಒಮೆಗಾ-3 ಬೇಕಲ್ವಾ? ವಾರಕ್ಕೆ 225ರಿಂದ 340 ಗ್ರಾಂ ಕಡಿಮೆ ಪಾದರಸದ ಮೀನು ತಿನ್ನಿ ಅಂತ ಅದೇ ಎಫ್‌ಡಿಎ ಹೇಳುತ್ತೆ. ಬೂತಾಯಿ, ಬಂಗುಡೆ ಸಿಕ್ಕರೆ ತನ್ನಿ. ರೋಹು ಪಾಚಿ, ಗಿಡದ ಚೂರು ತಿಂದು ಬೆಳೆಯುವ ಮೀನು, ಅದಾದರೂ ಆಗುತ್ತೆ. ಈಗಾಗಲೇ ತಿಂದ ಸುರಮೈಗೆ ಗಾಬರಿ ಬೇಡ. ಸುಮಾರು 50 ದಿನಕ್ಕೆ ಅದರ ಪಾದರಸದಲ್ಲಿ ಅರ್ಧ ಮೈಯಿಂದ ಹೊರಗೆ ಹೋಗುತ್ತೆ.

ನನ್ನ ತಂಗಿ ಹೆರಿಗೆ ಆಗುವವರೆಗೂ ಜೋಳದ ರೊಟ್ಟಿ ಜೊತೆ ರೋಹು ಸಾರೇ ಉಂಡಳು. ಮುಳ್ಳು ಜಾಸ್ತಿ ಅಂತ ದಿನಾ ನನ್ನನ್ನೇ ಬೈಯುತ್ತಿದ್ದಳು.