ಠಾಣೆ ಅಲೆದು ಸಾಕಾಯಿತು, ನನ್ನ ಕೇಸು ಏನಾಯಿತು?

ಪ್ರಶ್ನೆ: ಎಂಟು ತಿಂಗಳ ಹಿಂದೆ ನನ್ನ ಬೈಕ್ ಕಳುವಾಯಿತು. ಎಫ್‌ಐಆರ್ ಆಗಿದೆ. ಆಮೇಲೆ ಠಾಣೆಯಿಂದ ಒಂದು ಫೋನೂ ಇಲ್ಲ. ಹೋಗಿ ಕೇಳಿದರೆ ‘ಸಾಹೇಬ್ರು ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಬನ್ನಿ’ ಅಂತಾರೆ. ಇತ್ತ ಇನ್ಶೂರೆನ್ಸ್‌ನವರು ‘ಸಿ ರಿಪೋರ್ಟ್’ ತನ್ನಿ ಅಂತಿದ್ದಾರೆ. ತನಿಖೆ ಏನಾಯಿತು ಅಂತ ಕೇಳುವ ಹಕ್ಕು ನನಗಿಲ್ವಾ?
– ಹೆಸರು ಬೇಡ

ಉತ್ತರ: ನೀವು ಕೇಳೋದಿರಲಿ, ಕೇಳದಿದ್ದರೂ ಅವರೇ ಹೇಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಸೆಕ್ಷನ್ ನೋಡಿ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು, ಮೊಬೈಲಿಗೆ ಮೆಸೇಜ್ ಹಾಕಿದರೂ ಆಯಿತು. ಕೋರ್ಟಿಗೆ ಅಂತಿಮ ವರದಿ ಕೊಟ್ಟಾಗ ಏನು ಕ್ರಮ ಆಯಿತು ಅನ್ನೋದನ್ನೂ ಹೇಳಬೇಕು. ಈ ಎರಡನೆಯ ಮಾತು ಇದಕ್ಕೂ ಮೊದಲು ಜಾರಿಯಲ್ಲಿದ್ದ ಹಳೆಯ ಕಾನೂನು, 1973ರ ಸಿಆರ್‌ಪಿಸಿಯಲ್ಲೂ ಇತ್ತು. ಎಷ್ಟು ಜನ ಪಾಲಿಸಿದರು ಅಂತ ಮಾತ್ರ ಕೇಳಬೇಡಿ.

ಹಾಗಾಗಿ ಬಾಯಿಮಾತಲ್ಲಿ ಕೇಳೋದು ಬಿಡಿ. ಒಂದು ಹಾಳೆಯಲ್ಲಿ ಎಫ್‌ಐಆರ್‌ನಲ್ಲಿರುವ ಕ್ರೈಂ ನಂಬರ್, ದಿನಾಂಕ, ಈ ಸೆಕ್ಷನ್ ಬರೆದು ‘ತನಿಖೆಯ ಸ್ಥಿತಿ ತಿಳಿಸಿ’ ಅಂತ ಕೊಡಿ, ನಿಮ್ಮ ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ತಗೊಳ್ಳಲ್ಲ ಅಂದರೆ ಜಗಳ ಬೇಡ, ಸ್ಪೀಡ್ ಪೋಸ್ಟ್ ಮಾಡಿ, ಮೇಲಧಿಕಾರಿಗೂ ಒಂದು ಪ್ರತಿ ಹೋಗಲಿ.

ಇನ್ನು ಸಿ ರಿಪೋರ್ಟ್ ವಿಷಯ. ಕಳ್ಳತನ ಆಗಿದ್ದು ನಿಜ, ಕಳ್ಳ ಪತ್ತೆಯಾಗಲಿಲ್ಲ ಅಂತ ಪೊಲೀಸರು ಕೋರ್ಟಿಗೆ ಕೊಡೋದು ಸಿ ರಿಪೋರ್ಟ್. ಬಿ ರಿಪೋರ್ಟ್ ಅಂದರೆ ಬೇರೆ ಕಥೆ, ದೂರಿನಲ್ಲೇ ಹುರುಳಿಲ್ಲ ಅನ್ನುವಂಥದ್ದು. ಅದು ಬಿದ್ದರೆ ನಿಮ್ಮ ಇನ್ಶೂರೆನ್ಸ್ ದುಡ್ಡಿಗೂ ಕುತ್ತು.

ಜಾಸ್ತಿ ಜನ ಎಡವೋದು ಇಲ್ಲೇ. ಒಂದು ದಿನ ಕಾನ್‌ಸ್ಟೆಬಲ್ ಮನೆಗೆ ಬಂದು ‘ನೋಟಿಸ್ ಇದೆ, ಇಲ್ಲೊಂದು ಸೈನ್ ಮಾಡಿ ಸರ್’ ಅಂತಾರೆ, ನಾವು ಗೇಟಿನ ಮೇಲೇ ಹಾಳೆ ಇಟ್ಟು ಸುಮ್ನೆ ಗೀಚಿ ಕಳಿಸಿಬಿಡುತ್ತೇವೆ, ಅದರಲ್ಲಿ ಬಿ ಇದೆಯೋ ಸಿ ಇದೆಯೋ ನೋಡುವುದೇ ಇಲ್ಲ. ಓದಿ. ಸಹಿಯ ಕೆಳಗೆ ತಾರೀಖು ಹಾಕಿ. ಒಂದು ಪ್ರತಿ ಇಟ್ಟುಕೊಳ್ಳಿ.

ಕೇಸು ಮುಚ್ಚುವ ಮೊದಲು ಮ್ಯಾಜಿಸ್ಟ್ರೇಟರು ದೂರುದಾರರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕು ಅಂತ ಸುಪ್ರೀಂ ಕೋರ್ಟು 1985ರಲ್ಲೇ ಭಗವಂತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ವರದಿ ಒಪ್ಪಿಗೆ ಇಲ್ಲದಿದ್ದರೆ ಆಗ ತಕರಾರು ಅರ್ಜಿ ಹಾಕಬಹುದು, ವಕೀಲರು ಪ್ರೊಟೆಸ್ಟ್ ಪಿಟಿಷನ್ ಅನ್ನೋದು ಇದಕ್ಕೇ. ಇನ್ನೂ ತನಿಖೆ ಮಾಡಿ ಅಂತ ಮ್ಯಾಜಿಸ್ಟ್ರೇಟರು ಪೊಲೀಸರಿಗೆ ಹೇಳಬಹುದು.

ಬಂದಿದ್ದು ಸಿ ರಿಪೋರ್ಟೇ ಆಗಿದ್ದು, ನಿಮಗೆ ತಕರಾರಿಲ್ಲದಿದ್ದರೆ ಕೋರ್ಟಿನಲ್ಲಿ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಇನ್ಶೂರೆನ್ಸ್‌ನವರಿಗೆ ಅದನ್ನು ಕೊಡುವಾಗ ಜೆರಾಕ್ಸ್ ಇಟ್ಟುಕೊಳ್ಳೋದು ಮರೀಬೇಡಿ.