ಇನ್‌ಫ್ರಾರೆಡ್ ಗಾಜಿನ ಪುಟಾಣಿ ಲೆನ್ಸ್‌ಗಳನ್ನು ಪ್ಲಾಸ್ಟಿಕ್ ಥರ ಅಚ್ಚಿನಲ್ಲಿ ಒತ್ತಬಹುದಾ?

ಒತ್ತಬಹುದು. ಕೂದಲೆಳೆಯಷ್ಟು ಅಗಲದ ನೂರಾರು ಲೆನ್ಸ್‌ಗಳನ್ನು ಒಂದೇ ಬಿಲ್ಲೆಯ ಮೇಲೆ ಸಾಲಾಗಿ ಒತ್ತಿದರೆ ಮುಗೀತಲ್ವಾ, ಮತ್ಯಾಕೆ ಅಷ್ಟು ದುಬಾರಿ ಅಂತ ಕೇಳಿದ್ದೀರಿ. ಬೆಂಗಳೂರಿನ ಒಂದು ಸಣ್ಣ ಆಪ್ಟಿಕ್ಸ್ ಘಟಕದಲ್ಲಿ ನಾನು ಇದೇ ಕೆಲಸ ಮಾಡಿದ್ದೇನೆ. ಒತ್ತುವುದು ಅಷ್ಟು ಕಷ್ಟವಲ್ಲ. ಕಷ್ಟ ಇರುವುದು ತಣಿಸುವುದರಲ್ಲಿ.

ಮೊದಲು ಗಾಜಿನ ಬಗ್ಗೆ. ನಮ್ಮ ಮೈಯಿಂದ ಹೊರಡುವ ಶಾಖದ ಕಿರಣ, ಅಂದರೆ ಇನ್‌ಫ್ರಾರೆಡ್, 9-10 ಮೈಕ್ರಾನ್ ಅಲೆಯುದ್ದದ ಸುತ್ತ ಜೋರಾಗಿರುತ್ತದೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಕಿಟಕಿ ಗಾಜು ಅದನ್ನು ಹೀರಿಬಿಡುತ್ತದೆ, ಅದರಲ್ಲಿ ಆಮ್ಲಜನಕ ಇರುವುದೇ ಕಾರಣ. ಆಮ್ಲಜನಕದ ಜಾಗದಲ್ಲಿ ಗಂಧಕವನ್ನೋ ಸೆಲೆನಿಯಂ ಅನ್ನೋ ಕೂರಿಸಿದರೆ ಕಿರಣ ದಾಟುತ್ತದೆ. ಇವೇ ಚಾಲ್ಕೊಜಿನೈಡ್ ಗಾಜುಗಳು. ಆರ್ಸೆನಿಕ್ ಮತ್ತು ಗಂಧಕದ ಗಾಜು 12 ಮೈಕ್ರಾನ್‌ವರೆಗೂ ಪಾರದರ್ಶಕ ಅಂತ ರುಡಾಲ್ಫ್ ಫ್ರೆರಿಕ್ಸ್ ಎಂಬ ವಿಜ್ಞಾನಿ 1950ರಲ್ಲೇ ತೋರಿಸಿದ್ದರು. ನಾನು ಹೆಚ್ಚಾಗಿ ಬಳಸಿದ್ದು ಆರ್ಸೆನಿಕ್ ಸೆಲೆನೈಡ್. ಕಣ್ಣಿಗೆ ಕಪ್ಪಗೆ, ಕನ್ನಡಿ ಥರ ಹೊಳೆಯುತ್ತದೆ. ಸುಮಾರು 185 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗಲು ಶುರು. ಜರ್ಮೇನಿಯಂ ಹರಳನ್ನು ಹೀಗೆ ಮೆತ್ತಗೆ ಮಾಡಿ ಒತ್ತಲು ಆಗಲ್ಲ, ಕೊರೆದೇ ಮಾಡಬೇಕು.

ಈ ಗಾಜಿನ ವಕ್ರೀಭವನ ಸೂಚ್ಯಂಕ, ಅಂದರೆ ಕಿರಣವನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ, ಸುಮಾರು 2.78. ಇದು ದೊಡ್ಡ ಅನುಕೂಲ. 100 ಮೈಕ್ರಾನ್ ಅಗಲದ, 200 ಮೈಕ್ರಾನ್ ಫೋಕಸ್ ದೂರದ ಲೆನ್ಸ್ ಬೇಕು ಅಂದುಕೊಳ್ಳಿ. ಸೂಚ್ಯಂಕ 1.5 ಇರುವ ಮಾಮೂಲಿ ಗಾಜಿನಲ್ಲಾದರೆ ಗುಬ್ಬಿನ ಎತ್ತರ 13 ಮೈಕ್ರಾನ್ ಆಗಬೇಕು. ಇಲ್ಲಿ ಮೂರೂವರೆ ಮೈಕ್ರಾನ್ ಸಾಕು!

ಅಚ್ಚು ನೋಡಲು ಪಡ್ಡಿನ ಹೆಂಚಿನ ಹಾಗೆಯೇ ಇರುತ್ತದೆ, ಸಾಲು ಸಾಲು ಕುಳಿಗಳು. ಗಾಜನ್ನು ಅದರ ಮೇಲಿಟ್ಟು, ಗಾಳಿ ತೆಗೆದು, ಕಾಯಿಸಿ, ನಿಧಾನಕ್ಕೆ ಒತ್ತಬೇಕು. ಗಾಳಿ ಉಳಿದರೆ ಕುಳಿಯ ತಳದಲ್ಲಿ ಸಿಕ್ಕಿಕೊಂಡು ಲೆನ್ಸಿನ ನೆತ್ತಿಯೇ ಚಪ್ಪಟೆಯಾಗುತ್ತದೆ. ಜಾಸ್ತಿ ಕಾಯಿಸಿದರೆ ಗಾಜಿನಿಂದಲೇ ಆವಿ ಎದ್ದು ಮೈಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಅಂಟಿಕೊಳ್ಳದಿರಲಿ ಅಂತ ಅಚ್ಚಿಗೆ ವಜ್ರದಂಥ ಇಂಗಾಲದ ತೆಳು ಲೇಪ ಕೊಡುತ್ತಾರೆ. ಇಷ್ಟನ್ನು ಒಂದೆರಡು ತಿಂಗಳಲ್ಲಿ ಕಲಿತೆ.

ಆಮೇಲೆ ಶುರುವಾಯಿತು ನೋಡಿ. 10 ಮಿಲಿಮೀಟರ್ ಅಗಲದ ಸಾಲು ಒತ್ತಿದೆವು. ಮಧ್ಯದ ಲೆನ್ಸ್‌ಗಳು ಚೆನ್ನಾಗಿದ್ದವು. ಅಂಚಿನವು ಒಂದೇ ಬದಿಯಲ್ಲಿ ಚಕ್ಕೆ ಎದ್ದಿದ್ದವು. ಒತ್ತಡ ಕಡಿಮೆ ಮಾಡಿದೆ, ಲೇಪ ಬದಲಿಸಿದೆ, ಏನೂ ಪ್ರಯೋಜನವಾಗಲಿಲ್ಲ. ನಮ್ಮ ಹಿರಿಯರೊಬ್ಬರು ಮೈಕ್ರೋಸ್ಕೋಪಿನಲ್ಲಿ ನೋಡಿ, "ಎಡಗಡೆ ಅಂಚಲ್ಲೂ ಬಲಗಡೆ ಅಂಚಲ್ಲೂ ಚಕ್ಕೆ ಯಾವ ಕಡೆ ಎದ್ದಿದೆ ನೋಡಪ್ಪ" ಅಂದರು. ನೋಡಿದೆ. ಎರಡೂ ಕಡೆ ಮಧ್ಯಕ್ಕೆ ಮುಖ ಮಾಡಿದ ಬದಿಯಲ್ಲೇ ಎದ್ದಿತ್ತು.

ಆಗ ಲೆಕ್ಕ ಹಾಕಿದೆ. ಒಂದು ಮೀಟರ್ ಉದ್ದದ ಈ ಗಾಜು ಒಂದು ಡಿಗ್ರಿ ತಣಿದರೆ ಸುಮಾರು 21 ಮೈಕ್ರಾನ್ ಕುಗ್ಗುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಅಚ್ಚು ಕುಗ್ಗುವುದು 5 ಮೈಕ್ರಾನ್ ಮಾತ್ರ. ಗಾಜು ಗಟ್ಟಿಯಾಗುವ 185ರಿಂದ ಕೋಣೆಯ 25ಕ್ಕೆ ಇಳಿಯುವಷ್ಟರಲ್ಲಿ, 10 ಮಿಲಿಮೀಟರ್ ಅಗಲಕ್ಕೆ ಸುಮಾರು 26 ಮೈಕ್ರಾನ್ ವ್ಯತ್ಯಾಸ. ಅಂದರೆ ಒಂದೊಂದು ಅಂಚೂ 13 ಮೈಕ್ರಾನ್ ಒಳಕ್ಕೆ ಜರುಗಲು ನೋಡುತ್ತದೆ. ಆದರೆ ಗುಬ್ಬುಗಳು ಕುಳಿಯಲ್ಲಿ ಸಿಕ್ಕಿಕೊಂಡಿವೆ. ಗಾಜು ಎಳೆಯುತ್ತದೆ, ಕುಳಿಯ ಗೋಡೆ ಬಿಡುವುದಿಲ್ಲ. ಚಕ್ಕೆ ಏಳದೆ ಇನ್ನೇನಾಗುತ್ತದೆ?

ಒಡೆಯದೆ ಬಂದರೂ ತೊಂದರೆ ತಪ್ಪಲ್ಲ. ಈ ಲೆನ್ಸ್‌ಗಳ ಹಿಂದೆ ಕೂರುವ, ಶಾಖವನ್ನು ಚಿತ್ರವಾಗಿಸುವ ಈಗಿನ ಎಷ್ಟೋ ಥರ್ಮಲ್ ಸೆನ್ಸರ್‌ಗಳಲ್ಲಿ ಒಂದು ಪಿಕ್ಸೆಲ್ ಅಗಲ 12 ಮೈಕ್ರಾನ್. ಅಂಚಿನ ಲೆನ್ಸ್ 13 ಮೈಕ್ರಾನ್ ಜರುಗಿತು ಅಂದರೆ ಬೆಳಕು ಪಕ್ಕದ ಪಿಕ್ಸೆಲ್ ಮೇಲೆ ಬೀಳುತ್ತದೆ.

ನಾವು ಎರಡು ಬದಲಾವಣೆ ಮಾಡಿದೆವು. ಅಚ್ಚಿನಲ್ಲಿ ಲೆನ್ಸಿನಿಂದ ಲೆನ್ಸಿಗೆ 100 ಮೈಕ್ರಾನ್ ಇದ್ದ ದೂರವನ್ನು 100.26ಕ್ಕೆ ಹಿಗ್ಗಿಸಿದೆವು. ಗಾಜು ಕುಗ್ಗಿ ಸರಿಯಾಗಿ 100ಕ್ಕೆ ಬಂದು ನಿಲ್ಲಲಿ ಅಂತ. ಇನ್ನೊಂದು, ಪೂರ್ತಿ ತಣಿಯುವ ತನಕ ಕಾಯುವುದನ್ನು ಬಿಟ್ಟೆವು. ಗಾಜು ಗಟ್ಟಿಯಾದ ಕೂಡಲೇ, ಇನ್ನೂ ಬಿಸಿ ಇರುವಾಗಲೇ ಅಚ್ಚು ಬಿಡಿಸಿ, ಆಮೇಲೆ ಗಾಜನ್ನು ಅದರ ಪಾಡಿಗೆ ಕುಗ್ಗಲು ಬಿಟ್ಟೆವು. ಎರಡನೆಯದಕ್ಕೆ ಕೈ ಪಳಗಬೇಕು. ಬೇಗ ಬಿಡಿಸಿದರೆ ಆಕಾರ ಕೆಡುತ್ತದೆ, ತಡವಾದರೆ ಮತ್ತೆ ಚಕ್ಕೆ. ಆ ಸರಿಯಾದ ಡಿಗ್ರಿ ಸಿಕ್ಕಿ, ಅಂಚಿನ ಲೆನ್ಸ್‌ಗಳು ಪೂರ್ತಿ ಗುಂಡಗೆ ಕಂಡ ದಿನದ ಖುಷಿ ಇನ್ನೂ ನೆನಪಿದೆ.

ಬೇರೆ ದಾರಿಗಳೂ ಇವೆ. ಫೋಟೋರೆಸಿಸ್ಟ್ (ಬೆಳಕು ಬಿದ್ದರೆ ಗುಣ ಬದಲಾಗುವ ಒಂದು ಲೇಪ) ಹನಿಗಳನ್ನು ಕರಗಿಸಿ ಗುಮ್ಮಟ ಮಾಡಿ, ಆ ಆಕಾರವನ್ನು ಪ್ಲಾಸ್ಮಾದಿಂದ, ಅಂದರೆ ವಿದ್ಯುದಾವೇಶ ಪಡೆದ ಅನಿಲದಿಂದ ಕೊರೆದು, ಗಾಜಿಗೆ ಇಳಿಸುವುದು ಒಂದು. ಇದರಲ್ಲಿ ಅಚ್ಚೂ ಇಲ್ಲ, ಎಳೆದಾಟವೂ ಇಲ್ಲ. ಆದರೆ ರೆಸಿಸ್ಟ್ ತೊಳೆಯುವ ದ್ರಾವಣ ಸಾಮಾನ್ಯವಾಗಿ ಕ್ಷಾರ, ಈ ಗಾಜು ಕ್ಷಾರದಲ್ಲಿ ಕರಗುತ್ತದೆ. ನಡುವೆ ಕಾಪಾಡುವ ಪದರ ಬೇಕೇ ಬೇಕು. ಹತ್ತಿಪ್ಪತ್ತು ಬಿಲ್ಲೆ ಸಾಕಾದರೆ ಈ ದಾರಿ ಹಿಡಿಯಿರಿ. ಸಾವಿರಗಟ್ಟಲೆ ಬೇಕಾದರೆ ಅಚ್ಚೇ ಸರಿ.

ದಯವಿಟ್ಟು ಮನೆಯಲ್ಲಿ ಈ ಗಾಜನ್ನು ಉಜ್ಜಲು, ಕಾಯಿಸಲು ಹೋಗಬೇಡಿ. ಅದರ ಪುಡಿ, ಹೊಗೆ ಎರಡರಲ್ಲೂ ಆರ್ಸೆನಿಕ್ ಇರುತ್ತದೆ. ಸುಮ್ನೆ ಅಚ್ಚು ಒತ್ತುವುದನ್ನು ಕಲಿಯಬೇಕು ಅಂತಿದ್ದರೆ ಅಕ್ರಿಲಿಕ್ ತುಂಡಿನಿಂದ ಶುರು ಮಾಡಿ. ಅದು ಈ ಗಾಜಿಗಿಂತಲೂ ಜಾಸ್ತಿ ಕುಗ್ಗುತ್ತದೆ, ಅಂಚಿನ ಎಳೆದಾಟ ಅಲ್ಲೇ ಕಾಣಸಿಗುತ್ತದೆ.